ನೆಟ್ಟಗೆ ನಡೆದವಳು

“ಇಲ್ಲಿಂದ ಆ ಕಿಟಕಿವರ್ಗೂ ನಡೀರಿ ಎಜೆ. ಮನೇಲಿ ಯಾರೂ ಇಲ್ದಾಗ ಹೇಗೆ ನಡೀತೀರೋ ಹಾಗೆ.”

ಸಾಲ್ಕಿನ್ ಕಿಟಕಿಯವರೆಗೆ ನಡೆದು ಹೋಗಿ ತಿರುಗಿ ಬಂದಳು. ನಾರಿನ್ ಪಟ್ಟಣದ ಆಸ್ಪತ್ರೆಯ ಆ ಉದ್ದನೆಯ ಕಾರಿಡಾರಿನಲ್ಲಿ ಸರದಿಗೆ ಕೂತಿದ್ದ ಹೆಂಗಸರಿಗೆ ಅವಳ ನಡಿಗೆಯಲ್ಲಿ ಯಾವ ಐಬೂ ಕಾಣಲಿಲ್ಲ. ಬೆನ್ನು ನೆಟ್ಟಗಿತ್ತು, ಎರಡು ಭುಜವೂ ಒಂದೇ ಮಟ್ಟದಲ್ಲಿದ್ದವು. ಅರವತ್ತು ದಾಟಿದವಳು ಹಾಗೆ ನಡೆಯುವುದನ್ನು ನೋಡಿ ಒಬ್ಬಳು ತನ್ನ ಕುಗ್ಗಿದ ಬೆನ್ನನ್ನು ಸರಿಮಾಡಿಕೊಂಡು ಕೂತಳು.

ಹಿರಿಯ ಹೆಂಗಸರನ್ನೆಲ್ಲ ಎಜೆ, ಅಂದರೆ ಅಕ್ಕ, ಎಂದು ಕರೆಯುವ ಡಾಕ್ಟರ್ ಸೂಯುನ್‌ಬೆಕ್ ಮಾತ್ರ ಅಡ್ಡಡ್ಡ ತಲೆಯಾಡಿಸಿದ. “ಇದು ಜನ ನೋಡೋವಾಗಿನ ನಡಿಗೆ. ನಂಗೆ ನಿಮ್ಮ ನಡಿಗೆ ಬೇಕು.”

“ನಂಗೆ ಇದೊಂದೇ ಬರೋದು,” ಎಂದಳು ಸಾಲ್ಕಿನ್.

ಅವಳು ಸುಳ್ಳು ಹೇಳಿರಲಿಲ್ಲ. ಒಲೆಯ ಮುಂದೆ ಒಬ್ಬಳೇ ಇರುವಾಗಲೂ, ಕೊಟ್ಟಿಗೆಗೆ ಹೋಗುವಾಗಲೂ ಅವಳು ಹೀಗೇ ನಡೆಯುತ್ತಿದ್ದಳು. ಬೇರೆ ಯಾವುದೋ ನಡಿಗೆ ಒಂದು ಕಾಲದಲ್ಲಿ ಇದ್ದಿರಬೇಕು. ಅದು ಎಲ್ಲಿ ಬಿದ್ದುಹೋಯಿತೋ ನೆನಪಿರಲಿಲ್ಲ.

ಡಾಕ್ಟರ್ ಅವಳನ್ನು ಒಳಗೆ ಕರೆದು ಕೂರಿಸಿ, ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದ. ಎಡಗಡೆ ಸೊಂಟದಲ್ಲಿ ತೊಡೆಮೂಳೆಯ ಗುಂಡು ತನ್ನ ಬಟ್ಟಲಿನೊಳಗೆ ನೀಟಾಗಿ ಕೂತಿತ್ತು. ಬಲಗಡೆ ಬಟ್ಟಲೇ ಇರಲಿಲ್ಲ ಎನ್ನಬೇಕು. ತಟ್ಟೆಯಂಥ ಒಂದು ಅಂಚಿನ ಕೆಳಗೆ, ಇಲಿ ಕಡಿದ ರೊಟ್ಟಿಯ ಹಾಗೆ, ಸವೆದ ಗುಂಡು ನೇತುಬಿದ್ದಿತ್ತು.

“ಇದು ಹುಟ್ಟಿದಾಗ್ಲಿಂದ ಇರೋದು. ತೊಟ್ಟಿಲಲ್ಲಿ ಕಾಲು ನೆಟ್ಟಗೆ ಬಿಗಿದು ಕಟ್ಟಿದ್ರಿಂದ ಇನ್ನಷ್ಟು ಕೆಟ್ಟಿರ್ಬೇಕು. ಆದ್ರೆ ಇಂಥ ಕೀಲಿರೋರು ಕುಂಟ್ತಾರೆ ಎಜೆ. ನೀವು ಯಾಕೆ ಕುಂಟ್ತಾ ಇಲ್ಲ?”

ಸಾಲ್ಕಿನ್ ಹಾಳೆಯಲ್ಲಿನ ಬಲಗಡೆಯ ಗುಂಡನ್ನೇ ನೋಡಿದಳು.

“ಏನ್ ಕೆಲ್ಸ ಮಾಡ್ತಿದ್ರಿ?”

“ಆತ್-ಬಾಶೀಲಿ ಟಪಾಲು ಹಂಚ್ತಿದ್ದೆ. ಮೂವತ್ತೊಂದು ವರ್ಷ.”

“ಚೀಲ ಯಾವ ಭುಜಕ್ಕೆ?”

“ಎಡಗಡೆ.”

ಡಾಕ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವನು ಗಟ್ಟಿದನಿಯವನಲ್ಲ, ಕುರಿಗಾಹಿಗಳ ಮನೆಯಿಂದ ಬಂದವನು, ಹೇಳುವುದನ್ನು ಬಿಡಿಸಿ ಹೇಳುತ್ತಿದ್ದ. “ನೋಡಿ, ಹೆಜ್ಜೆ ಹಾಕ್ವಾಗ ಒಂದು ಕ್ಷಣ ಮೈಯೆಲ್ಲಾ ಒಂದೇ ಕಾಲ ಮೇಲಿರುತ್ತೆ. ಬಲಗಾಲ ಮೇಲೆ ನಿಂತಾಗ ಮೈ ಎಡಕ್ಕೆ ಬೀಳೋಕೆ ನೋಡುತ್ತೆ. ಬೀಳ್ದೆ ಇರ್ಲಿ ಅಂತ ಬಲಪಕ್ಕದ ಸ್ನಾಯು ಜಗ್ಗಿ ಹಿಡೀಬೇಕು. ಮೈ ಭಾರಾನೂ ಕೀಲಿನ ಮೇಲೆ, ಆ ಜಗ್ಗಾಟಾನೂ ಕೀಲಿನ ಮೇಲೆ. ಎರಡೂ ಸೇರಿ ನಿಮ್ಮ ತೂಕದ ಮೂರು ಪಟ್ಟು ಆಗುತ್ತೆ. ಗಟ್ಟಿ ಕೀಲು ಅದನ್ನ ತಡ್ಕೊಳ್ಳುತ್ತೆ. ನಿಮ್ಮಂಥೋರ ಕೀಲು ತಡ್ಕೊಳಲ್ಲ. ಅದಕ್ಕೇ ಕುಂಟೋರು ನೋವಿರೋ ಕಡೆಗೇ ವಾಲ್ತಾರೆ. ವಾಲಿದ್ರೆ ಭಾರ ನೇರವಾಗಿ ಕೀಲಿನ ಮೇಲೆ ಬಂದು ಕೂರುತ್ತೆ, ಸ್ನಾಯು ಜಗ್ಗೋ ಅಗತ್ಯ ಇರಲ್ಲ. ಹೊರೆ ಎಷ್ಟೋ ಇಳಿಯುತ್ತೆ. ಮೈ ತಾನಾಗೇ ಕಂಡ್ಕೊಂಡ ಉಪಾಯ ಅದು.”

“ನಾನು ವಾಲ್ಲಿಲ್ಲ.”

“ವಾಲ್ಲಿಲ್ಲ. ಅದ್ರ ಮೇಲೆ ಎಡಭುಜಕ್ಕೆ ಚೀಲ ಬೇರೆ. ಬಲಭುಜಕ್ಕೆ ಹಾಕಿದ್ರೂ ಆಗ್ತಿತ್ತು. ಎಡಗಡೆ ಹೊತ್ತಿದ್ದು ಒಂದು ಸೇರು ಅಂದ್ರೆ ಬಲಗಡೆ ಕೀಲಿಗೆ ಮೂರು ಸೇರಿನ ಲೆಕ್ಕ.”

ಚೀಲ ಎಡಕ್ಕೆ ಹಾಕಿದರೆ ಮೈ ಬಲಕ್ಕೆ ವಾಲದಂತೆ ಹಿಡಿದು ನಿಲ್ಲಿಸುತ್ತದೆ ಎಂದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅವಳು ಕಂಡುಕೊಂಡಿದ್ದಳು. ಅಂದು ತನ್ನ ಜಾಣತನಕ್ಕೆ ತಾನೇ ಹಿಗ್ಗಿದ್ದೂ ಉಂಟು.

“ವಾಲಿ ನಡೆದಿದ್ರೆ ಎಷ್ಟು ವರ್ಷ ಬಾಳ್ತಿತ್ತು?”

“ಅದನ್ನ ಹೇಳೋಕಾಗಲ್ಲ. ಇನ್ನೊಂದು ಹದಿನೈದು ವರ್ಷ ಬಾಳ್ತಿತ್ತೇನೋ. ಈಗ ಕೃತಕ ಕೀಲಿನ ಪಟ್ಟಿಗೆ ನಿಮ್ಮ ಹೆಸರು ಬರೀತೀನಿ. ಸರದಿ ದೊಡ್ಡದು. ಅಲ್ಲೀವರ್ಗೂ ಎಡಗೈಲಿ ಕೋಲು ಹಿಡೀರಿ. ಬಲಗೈ ಅಲ್ಲ, ಎಡಗೈ. ಮತ್ತೆ ಕುಂಟಿ. ನಾಚ್ಕೋಬೇಡಿ.” ಚೀಟಿ ಬರೆಯುತ್ತಾ ಅವನು ಕೇಳಿದ, “ಹೆಣ್ಮಕ್ಕಳಿದಾರಾ? ಇದು ತಾಯಿಂದ ಮಗಳಿಗೆ ಇಳಿಯೋದುಂಟು.”

“ಇಲ್ಲ,” ಎಂದುಬಿಟ್ಟಳು ಸಾಲ್ಕಿನ್. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಆಮೇಲೆ, ಬಾಗಿಲ ಹಿಡಿಗೆ ಕೈಹಾಕಿ ನಿಂತವಳು ತಿರುಗಿ, “ಒಬ್ಬಳಿದಾಳೆ,” ಎಂದಳು. “ಮೂವತ್ತನಾಲ್ಕು ವರ್ಷ.”

“ಬೇಗ ಕರ್ಕೊಂಡ್ಬನ್ನಿ. ಆ ವಯಸ್ಸಲ್ಲಿ ಕೀಲು ಉಳಿಸ್ಕೊಳ್ಳೋ ದಾರಿ ಇರುತ್ತೆ. ನಲ್ವತ್ತಾದ್ರೆ ಇರಲ್ಲ.”

ಸಾಲ್ಕಿನ್‌ಗೆ ನಡೆಯಲು ಕಲಿಸಿದವಳು ಅವಳ ತಾಯಿ ಝೂರಾಕಾನ್. ಕೂಸು ಒಂದೂವರೆ ವರ್ಷಕ್ಕೆ ಎದ್ದು ನಿಂತಿತು. ನಿಂತ ದಿನವೇ ಬಾತುಕೋಳಿಯ ಹಾಗೆ ಬಲಕ್ಕೆ ತೊನೆಯಿತು. ಊರಿಗೆ ಬಂದಿದ್ದ ರಷ್ಯನ್ ಡಾಕ್ಟರಮ್ಮ ನೋಡಿ, ರಾಜಧಾನಿಗೆ ಒಯ್ದು ಆರು ತಿಂಗಳು ಕಾಲಿಗೆ ಪ್ಲಾಸ್ಟರ್ ಕಟ್ಟು ಹಾಕಿಸಬೇಕು ಎಂದಳು. ಅದು ಮೇ ತಿಂಗಳು. ಸಾಮೂಹಿಕ ಬೇಸಾಯ ಸಂಘದ ಎಂಟು ನೂರು ಕುರಿ ಬೆಟ್ಟದ ಹುಲ್ಲುಗಾವಲಿಗೆ ಹೊರಟಿದ್ದವು, ಕಾಯಲು ಅಪ್ಪ ಅಮ್ಮ ಇಬ್ಬರೂ ಹೋಗಬೇಕಿತ್ತು. ಶರತ್ಕಾಲಕ್ಕೆ ಇಳಿದು ಬಂದಾಗ ಆ ಡಾಕ್ಟರಮ್ಮನಿಗೆ ವರ್ಗವಾಗಿತ್ತು.

ಝೂರಾಕಾನ್ ಕೆಟ್ಟವಳಲ್ಲ. ಮಗಳನ್ನು ತೊಟ್ಟಿಲಿಗೆ ಬಿಗಿದು ಕಟ್ಟಿದ ಕೈ ತನ್ನದೇ ಎಂಬುದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಆ ಮುಳ್ಳೇ ಅವಳನ್ನು ಗಡಸು ಮಾಡಿತು. ಒಲೆಯಿಂದ ಬಾಗಿಲಿನವರೆಗೆ ಉಣ್ಣೆಯ ಹಗ್ಗ ಹಾಸಿ ಅದರ ಮೇಲೆ ಹುಡುಗಿಯನ್ನು ನಡೆಸುತ್ತಿದ್ದಳು. ಕೈಯಲ್ಲಿ ಹಾಲು ತುಂಬಿದ ಬಟ್ಟಲು. ಭುಜ ಬಲಕ್ಕೆ ಇಳಿದರೆ ವಿಲೋ ಕಡ್ಡಿಯಿಂದ ಆ ಭುಜಕ್ಕೇ ಒಂದು.

“ಕುಂಟ ಕುರೀನ ಸಂತೇಲಿ ಯಾರೂ ಬೆನ್ನು ಮುಟ್ಟಿ ಕೂಡ ನೋಡಲ್ಲ ಕಣೇ,” ಎನ್ನುತ್ತಿದ್ದಳು. “ನೋವಾದ್ರೆ ಹಲ್ಲು ಕಚ್ಚು. ಹಲ್ಲು ಕಚ್ಚಿದ್ದು ಯಾರಿಗೂ ಕಾಣಲ್ಲ.”

ಹನ್ನೆರಡು ವರ್ಷಕ್ಕೆ ಹುಡುಗಿ ಹಗ್ಗವಿಲ್ಲದೆ, ಕಡ್ಡಿಯಿಲ್ಲದೆ ನೆಟ್ಟಗೆ ನಡೆದಳು. ಗಿಡ್ಡವಾಗಿದ್ದ ಬಲಗಾಲಿನ ಬೂಟಿನೊಳಗೆ ಎರಡು ಮಡಿಕೆ ಕಂಬಳಿ ತುಂಡು ಕೂತಿತು. ಇಪ್ಪತ್ತಕ್ಕೆ ನೋಡಲು ಬಂದವರ ಮುಂದೆ ಚಹಾ ತಂದಿಟ್ಟು ಹಿಂದೆ ಸರಿದಾಗ, ಹುಡುಗನ ಅತ್ತೆಯೊಬ್ಬಳು “ಹಂಸದ ಹಾಗೆ ನಡೀತಾಳೆ” ಎಂದಳಂತೆ. ಝೂರಾಕಾನ್ ಆ ಮಾತನ್ನು ಸಾಯುವವರೆಗೂ ಹೇಳಿಕೊಂಡು ತಿರುಗಿದಳು. ಮದುವೆಯ ಹಿಂದಿನ ದಿನ ಮಗಳ ಕಿವಿಯಲ್ಲಿ, “ಗಂಡನಿಗೂ ಹೇಳ್ಬೇಡ. ಗಂಡನಿಗಂತೂ ಹೇಳ್ಲೇಬೇಡ,” ಎಂದಳು.

ಸಾಲ್ಕಿನ್ ಹೇಳಲಿಲ್ಲ. ಟಪಾಲಿನ ಕೆಲಸ ಸಿಕ್ಕಾಗ ಬೇಡವೆನ್ನಲೂ ಆಗಲಿಲ್ಲ. ಯಾಕೆ ಬೇಡ ಎಂದು ಕೇಳಿದರೆ ಏನು ಹೇಳುವುದು? ಆತ್-ಬಾಶಿಯ ಮಣ್ಣಿನ ಬೀದಿಗಳಲ್ಲಿ ದಿನಕ್ಕೆ ಹತ್ತು ಮೈಲಿ. ಚಳಿಗಾಲದಲ್ಲಿ ಹಿಮ ಗಟ್ಟಿಯಾಗಿ ಗಾಜಿನಂತಾಗುತ್ತಿತ್ತು. ಸಂಜೆ ಮನೆಗೆ ಬಂದು ಕೂತರೆ ಸೊಂಟದ ಸಂದಿಯಲ್ಲಿ ಯಾರೋ ತುಕ್ಕುಹಿಡಿದ ಮೊಳೆ ತಿರುವಿದ ಹಾಗೆ. ಅವಳು ಹಲ್ಲು ಕಚ್ಚುತ್ತಿದ್ದಳು.

ಮಗಳು ಬೆಗಾಯಿಮ್ ಹುಟ್ಟಿ ಎರಡನೇ ವರ್ಷ ಅಂಗಳದಲ್ಲಿ ಕೋಳಿಮರಿಯ ಹಿಂದೆ ಓಡುವಾಗ ಒಂದೇ ಒಂದು ಸಲ ಬಲಕ್ಕೆ ತೊನೆದಳು. ಬೇರೆ ಯಾರಿಗೂ ಅದು ಕಾಣುತ್ತಿರಲಿಲ್ಲ. ತಾಯಿಗೆ ಕಂಡಿತು. ಮಗಳದು ತನ್ನಷ್ಟು ಕೆಟ್ಟಿರಲಿಲ್ಲ. ಆಗ ಆಸ್ಪತ್ರೆಯಿತ್ತು, ಬಸ್ಸಿತ್ತು. ಆದರೆ ಆಸ್ಪತ್ರೆಗೆ ಹೋದರೆ ಕಾಗದವಾಗುತ್ತದೆ, ಕಾಗದವಾದರೆ ಊರಿಗೆ ತಿಳಿಯುತ್ತದೆ, ಊರಿಗೆ ತಿಳಿದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ. ಸಾಲ್ಕಿನ್ ಕಡ್ಡಿ ಹಿಡಿಯಲಿಲ್ಲ. ಒಣದ್ರಾಕ್ಷಿ ಹಿಡಿದಳು. ಮೂರು ಹೆಜ್ಜೆ ನೆಟ್ಟಗಿಟ್ಟರೆ ಒಂದು ದ್ರಾಕ್ಷಿ. ತಾನು ತನ್ನ ತಾಯಿಗಿಂತ ಮೃದು ಎಂದು ಅವಳು ನಂಬಿದ್ದಳು.

ಆಸ್ಪತ್ರೆಯ ಹೊರಗೆ ಎಸೆನ್‌ಕುಲ್ ಹಳೆಯ ಕಾರಿನಲ್ಲಿ ಕೂತು ಸೂರ್ಯಕಾಂತಿ ಬೀಜ ಸಿಪ್ಪೆಸುಲಿಯುತ್ತಿದ್ದ. ಮದುವೆಯಾಗಿ ನಲವತ್ತು ವರ್ಷ. ಮಾತು ಕಡಿಮೆಯ ಗಂಡ. ಸಾಲ್ಕಿನ್ ಹತ್ತಿ ಕೂತು ಬಾಗಿಲೆಳೆದುಕೊಂಡಳು.

“ಏನಂದ?”

“ಸೊಂಟದ ಕೀಲು ಹೋಗಿದೆಯಂತೆ. ಹುಟ್ಟಿದಾಗ್ಲಿಂದ ಕೆಟ್ಟಿತ್ತಂತೆ.” ಡಾಕ್ಟರ್ ಕೊಟ್ಟ ಚೀಟಿಯನ್ನು ಮಡಿಸುತ್ತಾ, “ನಿಮ್ಗೆ ನಾನು ಹೇಳಿರ್ಲಿಲ್ಲ,” ಎಂದಳು.

ಎಸೆನ್‌ಕುಲ್ ಅಂಗೈಯ ಸಿಪ್ಪೆಯನ್ನು ಕಿಟಕಿಯಾಚೆ ಕೊಡವಿದ. “ನಂಗೆ ಗೊತ್ತಿತ್ತು.”

“ಏನ್ ಗೊತ್ತಿತ್ತು?”

“ಮೊದಲ್ನೇ ಚಳಿಗಾಲ ನಿನ್ನ ಬೂಟು ಒಲೆ ಹತ್ರ ಒಣಗಿಸೋಕಿಟ್ಟೆ. ಬಲಗಡೇದ್ರಲ್ಲಿ ಕಂಬಳಿ ತುಂಡಿತ್ತು. ಎಡಗಡೇದ್ರಲ್ಲಿ ಇರ್ಲಿಲ್ಲ. ನಾನೇನು ಕುರುಡನಾ? ಅದು ಸವೆದಾಗ ಎರಡು ಸಲ ನಾನೇ ಹೊಸದು ಕತ್ತರಿಸಿಟ್ಟಿದ್ದೆ. ನಿಂಗೆ ಗೊತ್ತಾಗ್ಲಿಲ್ಲ.”

ಸಾಲ್ಕಿನ್ ಎದುರಿನ ಗಾಜನ್ನು ನೋಡುತ್ತಾ ಕೂತಳು. ಗಾಜಿನ ಮೇಲೆ ಧೂಳು ಗೀಟುಗೀಟಾಗಿತ್ತು.

“ಒಂದು ಮಾತು ಹೇಳ್ಬಾರ್ದಿತ್ತಾ,” ಎಂದಳು ಕೊನೆಗೆ. “‘ಕುಂಟ್ಕೊಂಡೇ ನಡಿಯೇ’ ಅಂತ ಒಂದು ಮಾತು.”

“ಅಷ್ಟು ಜೋಪಾನವಾಗಿ ಬಚ್ಚಿಟ್ಕೊಂಡಿದ್ದೆ. ಎಲ್ರಿಗೂ ತಮ್ದು ಅಂತ ಒಂದು ಇರುತ್ತಲ್ಲ, ಹಾಗೆ ಅಂದ್ಕೊಂಡೆ. ಬಾಯಿ ಹಾಕಿದ್ರೆ ನೀನು ನೊಂದ್ಕೋತೀಯ ಅನ್ನಿಸ್ತು.”

ಅವನು ತಪ್ಪು ಹೇಳುತ್ತಿರಲಿಲ್ಲ. ಆಗ ಹೇಳಿದ್ದರೆ ಅವಳು ನೊಂದುಕೊಳ್ಳುತ್ತಲೇ ಇದ್ದಳು. ಆದರೂ ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಆ ಸಿಟ್ಟನ್ನು ಇಡಲು ಜಾಗ ಸಿಗದೆ, “ಬೆಗಾಯಿಮ್ ಮನೆಗೆ ನಡೀರಿ,” ಎಂದಳು.

ಬೆಗಾಯಿಮ್ ಅದೇ ಪಟ್ಟಣದಲ್ಲಿ, ಹೊಳೆಯಾಚೆ ಇದ್ದಳು. ಗಂಡ ತಿಲೆಕ್ ವಿದ್ಯುತ್ ಇಲಾಖೆಯಲ್ಲಿ. ಅವಳು ಹೊಲಿಗೆ ಅಂಗಡಿಯಲ್ಲಿ. ಏಳು ವರ್ಷದ ಒಬ್ಬ ಮಗ. ಮನೆಯ ಯಜಮಾನಿಕೆ ಅತ್ತೆ ಉಮ್ಸುನಾಯ್‌ದು. ಊಟಕ್ಕೆ ಕೂತವರನ್ನು ಬಾಯ್ತುಂಬ ಉಪಚರಿಸುತ್ತಲೇ ತಟ್ಟೆಯಲ್ಲಿ ಮಿಕ್ಕಿದ್ದನ್ನು ಎಣಿಸುವ ಕಣ್ಣು ಅವಳದು.

“ಬನ್ನಿ ಬೀಗಿತ್ತಿ, ಮೇಲೆ ಕೂತ್ಕೊಳ್ಳಿ. ಫೋನ್ ಮಾಡಿದ್ರೆ ಕುರಿ ಕಡೀತಿದ್ವಿ. ಈಗ ಬರೀ ಚಹಾ ರೊಟ್ಟಿ.”

ಬೆಗಾಯಿಮ್ ಚಹಾದ ಕೆಟಲು ಹಿಡಿದು ಬಂದಳು. ಸಾಲ್ಕಿನ್ ಮಗಳ ಮುಖ ನೋಡಲಿಲ್ಲ, ಕಾಲು ನೋಡಿದಳು. ನೆಟ್ಟಗಿನ ನಡಿಗೆ. ಕೆಟಲು ಎಡಗೈಯಲ್ಲಿ. ಬಲಗಾಲ ಮೇಲೆ ಭಾರ ಬಿದ್ದಾಗಲೆಲ್ಲ ದವಡೆಯ ಬಳಿ ಒಂದು ನರ ಏಳುತ್ತಿತ್ತು. ಹೋದ ಚಳಿಗಾಲದಿಂದ ಫೋನಿನಲ್ಲಿ “ಮೂತ್ರಪಿಂಡಕ್ಕೆ ಶೀತ ಹಿಡಿದು ಸೊಂಟನೋವು” ಎನ್ನುತ್ತಿದ್ದಳಲ್ಲ, ಆ ನೋವು ಎಲ್ಲಿಯದೆಂದು ಸಾಲ್ಕಿನ್‌ಗೆ ಈಗ ತಿಳಿಯಿತು. ಆಗಲೂ ತಿಳಿದಿತ್ತೇನೋ.

ನೀರು ತರುವ ನೆಪದಲ್ಲಿ ಹಿತ್ತಿಲಿಗೆ ಕರೆದೊಯ್ದು ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದಳು. ಬೆಗಾಯಿಮ್ ಒದ್ದೆ ಕೈ ಒರೆಸಿಕೊಳ್ಳುತ್ತಾ ಕೇಳಿದಳು.

“ಹಾಗಾದ್ರೆ ಈಗ ಏನ್ ಮಾಡ್ಲಿ ಅಂತೀಯ ಅಪಾ?” ತಾಯಿಯನ್ನು ಅವಳು ಚಿಕ್ಕಂದಿನಿಂದ ಹಾಗೆಯೇ ಕರೆಯುತ್ತಿದ್ದಳು.

“ಡಾಕ್ಟರ್ ಹತ್ರ ಬಾ. ಅಲ್ಲೀವರ್ಗೂ ನೆಟ್ಟಗೆ ನಡೀಬೇಡ. ವಾಲು.”

“ವಾಲು,” ಎಂದು ಬೆಗಾಯಿಮ್ ಮೆಲ್ಲನೆ ಹೇಳಿಕೊಂಡಳು. ಅವಳ ದನಿ ಏರಲಿಲ್ಲ; ಗೋಡೆಯಾಚೆ ಅತ್ತೆ ಇದ್ದಳು. “ಶಾಲೇಲಿ ಹುಡುಗೀರು ಓಡ್ವಾಗ ನನ್ನ ಓಡೋಕೆ ಬಿಡ್ಲಿಲ್ಲ. ಓಡಿದ್ರೆ ಕಾಣುತ್ತೆ ಅಂದೆ. ಕುಣಿಯೋಕೆ ಬಿಡ್ಲಿಲ್ಲ. ಮಗು ಹೊತ್ತು ಒಂಬತ್ತು ತಿಂಗ್ಳು ಹೇಗೆ ನಡೆದೆ ಅಂತ ನಿಂಗೆ ಗೊತ್ತಾ? ಒಂಬತ್ತು ವರ್ಷದಿಂದ ಈ ಮನೇಲಿ ಪ್ರತಿ ಹೆಜ್ಜೆ ನೋಡಿ ಇಡ್ತಿದೀನಿ. ಈಗ ಬಂದು ವಾಲು ಅಂತೀಯಲ್ಲ. ಇವ್ರಿಗೆ ಏನಂತ ಹೇಳ್ಲಿ? ಮುಚ್ಚಿಟ್ಟು ಮದ್ವೆ ಮಾಡಿದ್ರು ಅಂತ ಹೇಳ್ಲಾ?”

“ನಾನು ಹೇಳ್ತೀನಿ.”

“ಬೇಡ. ನೀನು ಏನೂ ಹೇಳ್ಬೇಡ. ನನ್ನ ಮನೆ ಇದು.”

ಸಾಲ್ಕಿನ್ ಮಾತು ಕೊಟ್ಟಳು, ಹೇಳುವುದಿಲ್ಲ ಎಂದು. ಹೇಳಲೂ ಇಲ್ಲ. ಆದರೆ ಒಳಗೆ ಹೋಗಲು ಹೊಸ್ತಿಲ ಮೇಲೆ ಕಾಲಿಟ್ಟಾಗ ಬಲಸೊಂಟದಲ್ಲಿ ಮೊಳೆ ತಿರುಗಿತು. ಎಂದಿನಂತೆ ಹಲ್ಲು ಕಚ್ಚಬಹುದಿತ್ತು. ಅವಳು ಕಚ್ಚಲಿಲ್ಲ. ಮೈಯನ್ನು ಬಲಕ್ಕೆ ಬಿಟ್ಟಳು. ಇಡೀ ಕೋಣೆಯನ್ನು, ಉಮ್ಸುನಾಯ್ ನೋಡುತ್ತಿರುವಾಗಲೇ, ತೂಗಾಡುತ್ತಾ ದಾಟಿದಳು. ನೋವು ಅರ್ಧಕ್ಕೆ ಇಳಿಯಿತು. ಅಷ್ಟು ಸುಲಭವಾಗಿ ಇಳಿಯುತ್ತದೆಂದು ಅವಳು ಎಣಿಸಿರಲಿಲ್ಲ. ಕಣ್ಣಲ್ಲಿ ನೀರು ಬಂತು.

“ಕಾಲಿಗೆ ಏನಾಯ್ತು ಬೀಗಿತ್ತಿ? ಬರ್ವಾಗ ಚೆನ್ನಾಗೇ ಇದ್ರಲ್ಲ.”

“ಏನೂ ಆಗಿಲ್ಲ. ಹುಟ್ಟಿದಾಗ್ಲಿಂದ ಹೀಗೇ. ಇಷ್ಟು ದಿನ ಬಚ್ಚಿಟ್ಟಿದ್ದೆ.”

ಉಮ್ಸುನಾಯ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಅವಳ ಕಣ್ಣು ನಿಧಾನವಾಗಿ ಬಾಗಿಲ ಬಳಿ ನಿಂತಿದ್ದ ಸೊಸೆಯ ಕಡೆ ಹೊರಳಿತು, ಮುಖದಿಂದ ಕೆಳಗಿಳಿದು ಪಾದದಲ್ಲಿ ನಿಂತಿತು. ಬೆಗಾಯಿಮ್ ಅಲುಗಲಿಲ್ಲ. ನೀರು ತುಂಬಿದ ಕೆಟಲು ಹಿಡಿದು ನಿಂತೇ ಇದ್ದಳು. ಎಸೆನ್‌ಕುಲ್ ಎದ್ದು, ಹೊತ್ತಾಯಿತು, ಹೊರಡೋಣ ಎಂದ. ಮಗಳು ಕಾರಿನವರೆಗೆ ಬರಲಿಲ್ಲ.

ಮುಂದಿನ ಸುದ್ದಿಯೆಲ್ಲ ಎಸೆನ್‌ಕುಲ್‌ನ ಫೋನಿಗೆ ಬಂತು. ಬೆಗಾಯಿಮ್ ಅಪ್ಪನ ಜೊತೆ ಮಾತ್ರ ಮಾತಾಡುತ್ತಿದ್ದಳು. ಉಮ್ಸುನಾಯ್ ಮರುದಿನವೇ ಸೊಸೆಯನ್ನು ಅಂಗಳದಲ್ಲಿ ಎರಡು ಕೊಡ ನೀರು ಹೊರಿಸಿ ನಡೆಸಿ ನೋಡಿದಳಂತೆ. “ನಾವು ಕುದುರೆ ಕೊಳ್ವಾಗ ಹಲ್ಲು ನೋಡ್ತೀವಿ, ಗೊರಸು ನೋಡ್ತೀವಿ. ಸೊಸೆ ತರ್ವಾಗ ನಂಬಿ ತಂದ್ವಿ,” ಎಂದು ನೆರೆಹೊರೆಗೆಲ್ಲ ಹೇಳಿದಳಂತೆ. ಎರಡನೇ ಮಗುವಿನ ಮಾತು ಆ ಮನೆಯಲ್ಲಿ ನಿಂತುಹೋಯಿತು. ತಿಲೆಕ್ ಒಂದು ವಾರ ಹೆಂಡತಿಯ ಜೊತೆ ಮಾತು ಬಿಟ್ಟ. ಆಮೇಲೆ ಒಂದು ದಿನ, ಯಾರಿಗೂ ಹೇಳದೆ, ಅವಳನ್ನು ಡಾಕ್ಟರ್ ಸೂಯುನ್‌ಬೆಕ್ ಬಳಿ ಕರೆದೊಯ್ದ. ಡಾಕ್ಟರ್ ರಾಜಧಾನಿ ಬಿಷ್ಕೆಕ್‌ನ ಆಸ್ಪತ್ರೆಗೆ ಕಾಗದ ಬರೆದುಕೊಟ್ಟ. ಬಟ್ಟಲಿನ ಮೂಳೆಯನ್ನು ಕೊಯ್ದು, ತಿರುಗಿಸಿ, ಗುಂಡಿನ ಮೇಲೆ ಸರಿಯಾಗಿ ಕೂರಿಸಬಹುದು. ಆದರೆ ಈ ವರ್ಷವೇ ಆಗಬೇಕು.

“ನಾನೂ ಬರ್ಲಾ ಅಂತ ಕೇಳಿ,” ಎಂದಳು ಸಾಲ್ಕಿನ್.

ಎಸೆನ್‌ಕುಲ್ ಕೇಳಿದ. ಫೋನನ್ನು ಕಿವಿಯಿಂದ ತೆಗೆದು, “ಬೇಡವಂತೆ,” ಎಂದ.

ಅವಳು ಎಡಗೈಯಲ್ಲಿ ಕೋಲು ಹಿಡಿದು ಆತ್-ಬಾಶಿಯ ಬೀದಿಗಳಲ್ಲಿ ಕುಂಟುತ್ತಾ ತಿರುಗಿದಳು. ಮೂವತ್ತೊಂದು ವರ್ಷ ಅವಳಿಂದ ಕಾಗದ ಇಸಿದುಕೊಂಡವರು ಬೇಲಿಗೆ ಬಂದು, “ಬಿದ್ರಾ ಸಾಲ್ಕಿನ್ ಎಜೆ?” ಎಂದು ಕೇಳುತ್ತಿದ್ದರು. “ಇಲ್ಲಪ್ಪ, ಈಗ ಎದ್ದಿದೀನಿ,” ಎಂದು ಮೊದಮೊದಲು ನಗೆಯಾಡಿದಳು. ಆಮೇಲೆ ನಗೆ ಬೇಸರವಾಯಿತು, ಸುಮ್ಮನೆ ತಲೆಯಾಡಿಸುತ್ತಿದ್ದಳು. ಕುಂಟುವುದು ಎಷ್ಟು ಹಗುರ ಎಂದು ತಿಳಿದಷ್ಟೂ, ಕಳೆದುಹೋದ ವರ್ಷಗಳು ಒಂದೊಂದಾಗಿ ಎದುರು ಬಂದು ನಿಲ್ಲುತ್ತಿದ್ದವು. ಸತ್ತ ತಾಯಿಯನ್ನು ಬೈಯೋಣವೆಂದು ಕೂತರೆ ಬೈಗುಳ ಬಾಯಿಗೆ ಬರುತ್ತಿರಲಿಲ್ಲ. ಒಣದ್ರಾಕ್ಷಿ ಹಿಡಿದ ತನ್ನ ಕೈ ನೆನಪಾಗುತ್ತಿತ್ತು.

ಅಕ್ಟೋಬರ್‌ನಲ್ಲಿ ಶಸ್ತ್ರಚಿಕಿತ್ಸೆಯಾಯಿತು ಎಂಬ ಸುದ್ದಿ ಬಂದ ಮೂರನೇ ದಿನ ಸಾಲ್ಕಿನ್ ಯಾರನ್ನೂ ಕೇಳದೆ ಬಿಷ್ಕೆಕ್‌ನ ವ್ಯಾನು ಹತ್ತಿದಳು. ದೋಲೋನ್ ಘಟ್ಟದಲ್ಲಿ ಆಗಲೇ ಹಿಮ ಬಿದ್ದಿತ್ತು. ಆರು ಗಂಟೆಯ ದಾರಿ ಕೂತು ಸೊಂಟ ಮರಗಟ್ಟಿತು. ಆಸ್ಪತ್ರೆಯ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು. ಗಂಟಿನಲ್ಲಿ ಮಗಳಿಗೆಂದು ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳು, ಬೋರ್ಸೋಕ್, ಕಾಸಿದ ಬೆಣ್ಣೆ.

ಬೆಗಾಯಿಮ್ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದಳು. ಮುಖ ಸುಣ್ಣದ ಬಣ್ಣವಾಗಿತ್ತು. ತಾಯಿಯನ್ನು ಕಂಡು ಅಚ್ಚರಿಪಡಲಿಲ್ಲ, ಮುಖ ತಿರುಗಿಸಲೂ ಇಲ್ಲ.

“ಕೂತ್ಕೋ,” ಎಂದಳು. “ಅಪ್ಪ ಬರ್ಲಿಲ್ವಾ?”

“ದನ ಇದಾವಲ್ಲ. ನೋವಿದೆಯಾ?”

“ಇದೆ. ಬೇರೆ ಥರದ ನೋವು.” ಬೆಗಾಯಿಮ್ ಸೊಂಟದ ಕಟ್ಟು ಮುಟ್ಟಿ ತೋರಿಸಿದಳು. “ಈ ಕೀಲು ಹದಿನೈದು ವರ್ಷ ಬರಬಹುದು, ಇಪ್ಪತ್ತೂ ಬರಬಹುದು ಅಂದ್ರು. ಇನ್ನೆರಡು ವರ್ಷ ಬಿಟ್ಟಿದ್ರೆ ಇದೂ ಆಗ್ತಿರ್ಲಿಲ್ವಂತೆ.”

“ನಿಮ್ಮತ್ತೆ?”

“ಹೇಳ್ತಾ ಇರ್ತಾರೆ. ಹೇಳ್ಲಿ.” ಬೆಗಾಯಿಮ್ ಹೊದಿಕೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು. “ನೀನು ಅವತ್ತು ಮಾಡಿದ್ದು ಸರಿ ಅಂತ ಎಲ್ರೂ ಅಂತಾರೆ. ಡಾಕ್ಟರೂ ಅಂದ್ರು. ಇರ್ಬಹುದು. ಆದ್ರೆ ನಾನು ಬೇಡ ಅಂದಿದ್ದೆ, ಅಪಾ. ಚಿಕ್ಕಂದಿನಿಂದ ನನ್ನ ಕಾಲು ಹೇಗೆ ಇಡ್ಬೇಕು ಅಂತ ನೀನೇ ಹೇಳ್ದೆ. ಅವತ್ತೂ ನೀನೇ ಹೇಳ್ದೆ. ಒಂದ್ಸಲಾನೂ ನನ್ನ ಕೇಳ್ಲಿಲ್ಲ.”

ಸಾಲ್ಕಿನ್ ಗಂಟನ್ನು ತೊಡೆಯ ಮೇಲೆಳೆದುಕೊಂಡಳು. ತಪ್ಪಾಯಿತು ಎನ್ನುವ ಮಾತು ಅವಳ ಊರಿನಲ್ಲಿ ತಾಯಿ ಮಗಳಿಗೆ ಹೇಳುವ ಮಾತಾಗಿರಲಿಲ್ಲ. ಗಂಟು ಬಿಚ್ಚಿ ಬೋರ್ಸೋಕ್‌ಗಳನ್ನು ಮೇಜಿನ ಮೇಲಿಟ್ಟಳು. ಬೆಗಾಯಿಮ್ ಒಂದನ್ನು ತೆಗೆದುಕೊಂಡು ಸ್ವಲ್ಪ ತಿಂದಳು.

ಆಗ ಬಿಳಿ ಅಂಗಿಯ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಎರಡು ಊರುಗೋಲು ಹಿಡಿದು ಒಳಗೆ ಬಂದಳು. “ಏಳಮ್ಮ, ಇವತ್ತು ಬಾಗಿಲವರ್ಗೂ. ಬಲಗಾಲು ನೆಲಕ್ಕೆ ತಾಗ್ಸಿದ್ರೆ ಸಾಕು, ಭಾರ ಬಿಡ್ಬೇಡ. ಭಾರ ಎಲ್ಲ ಕೈ ಮೇಲೆ.” ಬೆಗಾಯಿಮ್‌ಳ ಕಂಕುಳಿಗೆ ಕೈಕೊಟ್ಟು ಎಬ್ಬಿಸಿ ನಿಲ್ಲಿಸಿದಳು. ಸಾಲ್ಕಿನ್ ತನ್ನ ಕೋಲನ್ನು ಊರಿ ಎದ್ದು, ಮಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಅವಳ ಕಣ್ಣು ತಂತಾನೇ ಮಗಳ ಬಲಭುಜಕ್ಕೆ ಹೋಗಿ ನಿಂತಿತು.

ಬೆಗಾಯಿಮ್ ಅದನ್ನು ಕಂಡಳು.

“ಅಪಾ,” ಎಂದಳು, “ನಾನು ನಡೀವಾಗ ನೀನು ನೋಡ್ಬೇಡ.”

ಹೆಂಗಸು ಊರುಗೋಲುಗಳನ್ನು ಬೆಗಾಯಿಮ್‌ಳ ಕೈಗೆ ಕೊಟ್ಟಳು. ಸಾಲ್ಕಿನ್ ಕಿಟಕಿಯ ಕಡೆ ತಿರುಗಿದಳು. ಕೆಳಗೆ ಆಸ್ಪತ್ರೆಯ ಅಂಗಳದಲ್ಲಿ ಪಾಪ್ಲರ್ ಮರಗಳ ಎಲೆ ಹಳದಿಯಾಗಿತ್ತು. ಇಬ್ಬರು ಗಂಡಸರು ಲಾರಿಯಿಂದ ಕಲ್ಲಿದ್ದಲು ಇಳಿಸುತ್ತಿದ್ದರು. ಬೆನ್ನ ಹಿಂದೆ ಊರುಗೋಲು ನೆಲಕ್ಕೆ ತಾಗಿದ ಸದ್ದು, ಒಂದು ಪಾದ ಎಳೆದ ಸದ್ದು, ಉಸಿರು. ಮತ್ತೆ ಊರುಗೋಲು. ಸದ್ದು ಬಾಗಿಲವರೆಗೆ ಹೋಯಿತು, ಅಲ್ಲಿ ನಿಲ್ಲದೆ ಕಾರಿಡಾರಿಗೆ ಇಳಿಯಿತು. ಸಾಲ್ಕಿನ್ ತಿರುಗಲಿಲ್ಲ. ಸದ್ದು ಕೇಳದಷ್ಟು ದೂರ ಹೋದಮೇಲೂ, ಹಾಸಿಗೆಯ ಬಟ್ಟೆ ಬದಲಿಸಲು ಆಳು ಬಂದು “ಸ್ವಲ್ಪ ಸರೀರಿ” ಎನ್ನುವವರೆಗೂ, ಅವಳು ಕಲ್ಲಿದ್ದಲಿನವರನ್ನು ನೋಡುತ್ತಾ ನಿಂತಿದ್ದಳು.